ಮಾಮನ ಇಂಗ್ಲೆಂಡಿನ ನೆಂಟರು

ಸಂಜೆ ನಾಲ್ಕು ಇಪ್ಪತ್ತಕ್ಕೆ ನಮ್ಮ ಮಾಮ ಇಂಗ್ಲೆಂಡಿನ ಡ್ರಮ್ಮರ್ ಒಬ್ಬನ ಸಾವಿಗೆ ಸ್ನಾನ ಮಾಡಲು ಹೊರಟರು. ಡ್ರಮ್ಮರ್ ಸತ್ತು ನಲವತ್ತು ವರ್ಷ ದಾಟಿತ್ತು. ಅದಕ್ಕೇನಂತೆ? ಮಾಮನಿಗೆ ಸುದ್ದಿ ಮುಟ್ಟಿದ್ದು ಆ ಸಂಜೆ, ನನ್ನ ಬಾಯಿಂದ. ಕೇಳಿದ ಗಳಿಗೆಯಿಂದಲೇ ಸೂತಕ ಎಂದು ಹಿರಿಯರು ಹೇಳುವುದಿಲ್ಲವೇ!

ಮಾಮ ಎಂದರೆ ಅಮ್ಮನ ತಮ್ಮ. ಮದುವೆಯಾದವರಲ್ಲ. ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆ ಅವರದು. ಮೂವತ್ತೈದು ವರ್ಷ ಲೇತ್ ಮಷೀನಿನ ಮುಂದೆ ನಿಂತು ನಿವೃತ್ತರಾದ ಮರುವಾರವೇ ಸಜ್ಜೆಯಿಂದ ಒಂದು ಟ್ರಂಕ್ ಇಳಿಸಿದರು. ಹರೆಯದಲ್ಲಿ ಕೊಂಡು, ಪಾಳಿಯ ಕೆಲಸದ ನಡುವೆ ಮರೆತೇಬಿಟ್ಟಿದ್ದ ರಾಕ್ ಸಂಗೀತದ ರೆಕಾರ್ಡುಗಳು ಅದರಲ್ಲಿದ್ದವು.

ಕೇಳುವ ಕ್ರಮವೋ, ಸಾಕ್ಷಾತ್ ಪಾರಾಯಣ! ತಿಂಗಳಿಗೆ ಒಂದೇ ರೆಕಾರ್ಡು. ದಿನಾ ಸಂಜೆ ಮುಖ ತೊಳೆದು, ಚಾಪೆಯ ಮೇಲೆ ಕೂತು, ಮೊದಲಿಂದ ಕೊನೆಯವರೆಗೆ. ಫೋನಿನಲ್ಲಿ ಎಲ್ಲ ಹಾಡೂ ಸಿಗುತ್ತವೆ ಎಂದರೆ, ಪ್ರಸಾದವನ್ನು ಯಾರಾದರೂ ಬಕೆಟ್ಟಿನಲ್ಲಿ ತಿನ್ನುತ್ತಾರೆಯೇ ಎಂದು ನನ್ನನ್ನೇ ಕೇಳಿದರು.

ತಿಂಗಳ ಕೊನೆಯ ದಿನ ಕ್ಷೇಮ ಸಮಾಚಾರ. ರೆಕಾರ್ಡಿನ ಹೊದಿಕೆಯ ಮೇಲಿರುವ ಉದ್ದಗೂದಲಿನವರನ್ನು ತೋರಿಸಿ, ಈ ಹುಡುಗರೆಲ್ಲ ಈಗ ಹೇಗಿದ್ದಾರೆ ನೋಡು ಎನ್ನುವರು. ಹುಡುಗರಂತೆ! ನಾನು ಫೋನು ತಡಕಿ ವರದಿ ಒಪ್ಪಿಸಬೇಕು. ಎಂ.ಎ. ಮಾಡಿದ್ದು ಕೊನೆಗೆ ಯಮನ ಪೋಸ್ಟ್‌ಮ್ಯಾನ್ ಆಗಲು. ಒಬ್ಬ ಸತ್ತಿದ್ದರೆ ಒಂದು ತಣ್ಣೀರು ಸ್ನಾನ. ಮೂವರು ಹೋಗಿದ್ದ ತಂಡವೊಂದಕ್ಕೆ ಒಂದೇ ಸಂಜೆ ಮೂರು ಸಲ ನೆನೆದರು. ಕೀಬೋರ್ಡಿನವನೊಬ್ಬ ಗಟ್ಟಿಮುಟ್ಟಾಗಿದ್ದಾನೆಂದು ತಿಳಿದ ದಿನ ಅಮ್ಮನ ಬೆನ್ನುಹತ್ತಿ ಶಾವಿಗೆ ಪಾಯಸ ಮಾಡಿಸಿದರು.

ಅಮ್ಮನಿಗೆ ಉರಿ. "ಕೆಂಗೇರಿ ದೊಡ್ಡಪ್ಪ ಹೋದಾಗ ಮಂಡಿನೋವು ಅಂತ ಮನೇಲೇ ಉಳ್ಕೊಂಡೋನು ನೀನು. ಇವ್ರು ಯಾವ ಸೀಮೆ ನೆಂಟರೋ ನಿಂಗೆ?"

"ದೊಡ್ಡಪ್ಪ ಯಾವತ್ತಾದ್ರೂ ನನ್ನ ಜೊತೆ ಮೂವತ್ತು ದಿನ ಕೂತಿದ್ರಾ ಅಕ್ಕ?" ಎಂದರು ಮಾಮ.

ಮಾಗಿಯ ಚಳಿಗೆ ಮಾಮನಿಗೆ ಕೆಮ್ಮು ಹತ್ತಿತು. ತಣ್ಣೀರು ಬೇಡವೇ ಬೇಡ, ಗ್ಯಾಸ್ ಗೀಸರ್ ಹಾಕಿಕೊಳ್ಳಿ ಎಂದು ಆಣೆ ಹಾಕಿಸಿದವಳು ನಾನು. ಗಾಳಿ ನುಗ್ಗದಿರಲೆಂದು ಮಹಡಿಯ ಬಚ್ಚಲ ಕಿಟಕಿಗೆ ರಟ್ಟು ಅಂಟಿಸಿದವಳೂ ನಾನು. ಓದಿದವಳು!

ಡ್ರಮ್ಮರ್ ಸುದ್ದಿ ಮುಟ್ಟಿಸಿದ ಆ ಸಂಜೆ ಮಾಮ ರೆಕಾರ್ಡನ್ನು ನಿಲ್ಲಿಸದೆಯೇ ಬಚ್ಚಲಿಗೆ ಹೋದರು. ನಾನು ಕೆಳಗಿಳಿದೆ. ನಾಲ್ಕು ಮುಕ್ಕಾಲಿಗೆ ಕಾಫಿ ಹಿಡಿದು ಬಂದರೆ ಹಾಡು ಮುಗಿದು, ಮುಳ್ಳಿನಡಿ ರೆಕಾರ್ಡು ಕರ್ ಕರ್ ಎಂದು ಸುತ್ತುತ್ತಿತ್ತು. ಮುಳ್ಳು ಸವೆಯುತ್ತದೆಂದು ಸೋಪಿನ ಕೈಯಲ್ಲೇ ಓಡಿಬರುವ ಮನುಷ್ಯ. ಕೂಗಿದೆ. ಒಳಗೆ ನೀರು ಬೀಳುವ ಸದ್ದಷ್ಟೇ. ಬಾಗಿಲು ಬಡಿದೆ, ಒದ್ದೆ. ನನ್ನ ಕಿರುಚಾಟಕ್ಕೆ ಎದುರು ಶೆಡ್ಡಿನ ವೆಲ್ಡಿಂಗ್ ಅಣ್ಣ ರಾಡು ಹಿಡಿದು ಬಂದರು. ಚಿಲಕ ಮುರಿದಾಗ ಮಾಮ ಒದ್ದೆ ಪಂಚೆಯಲ್ಲಿ ಗೋಡೆಗೊರಗಿ ಕೂತಿದ್ದರು, ಕಣ್ಣು ಅರ್ಧ ತೆರೆದು.

"ಗ್ಯಾಸ್ ನಾನ್ ಆಫ್ ಮಾಡ್ತೀನಿ, ನೀವು ಆ ರಟ್ಟು ಕೀಳಿ ಮೇಡಂ," ಎಂದರು ಅವರು.

ನನ್ನ ಉಗುರು ಕಿತ್ತುಬಂತು, ರಟ್ಟು ಬರಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದೆ. ಅವರೇ ಮಾಮನನ್ನು ಎಳೆದು ತಂದು ಬಿಸಿಲುಮಚ್ಚಿನ ಮೇಲೆ ಮಲಗಿಸಿದರು.

ಗೀಸರಿನ ವಿಷಗಾಳಿಗೆ ಹೊರಹೋಗಲು ದಾರಿಯೇ ಇರಲಿಲ್ಲ, ಇನ್ನೈದು ನಿಮಿಷವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಾಮ ಉಳಿದರು. ಆದರೆ ನಿವೃತ್ತಿಯಿಂದೀಚಿನ ಒಂದು ವರ್ಷ ಅವರ ನೆನಪಿನಿಂದ ಅಳಿಸಿಹೋಗಿತ್ತು. ಲೇತಿನ ಅಳತೆಗಳೆಲ್ಲ ಬಾಯಲ್ಲಿದ್ದವು. ತಾವು ಯಾರಿಗೆಲ್ಲ ಸ್ನಾನ ಮಾಡಿದ್ದರೋ ಅವರಲ್ಲಿ ಒಬ್ಬರೂ ಈಗ ಅವರ ಪಾಲಿಗೆ ಸತ್ತಿರಲಿಲ್ಲ.

ಗೀಸರ್ ಗುಜರಿಗೆ ಹೋಯಿತು. ನಾನು ಮಾತ್ರ ದಿನವೂ ರಾತ್ರಿ ನಿದ್ದೆಯಲ್ಲಿ ಆ ಬಾಗಿಲನ್ನು ಒದೆಯುತ್ತಲೇ ಇದ್ದೆ. ಕಾಫಿಗೆ ಹಾಲು ಕಾಯಿಸುತ್ತ ನಿಂತ ಆ ಹೊತ್ತು ಕಣ್ಣು ಮುಚ್ಚಿದರೆ ಬರುತ್ತಿತ್ತು. ಬೆಚ್ಚಿ ಎದ್ದು, ಮಹಡಿ ಹತ್ತಿ, ಮಾಮನ ಉಸಿರು ಕೇಳಿಸಿಕೊಂಡು ಇಳಿಯುತ್ತಿದ್ದೆ.

ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಮಾಮ ರೆಕಾರ್ಡ್ ಪ್ಲೇಯರಿನ ಮೇಲೆ ಉಳಿದಿದ್ದ ಅದೇ ರೆಕಾರ್ಡನ್ನು ಹಾಕಿದರು. "ಇಷ್ಟು ವರ್ಷ ಇದನ್ನ ಕೇಳ್ದೆ ಹೇಗಿದ್ನೇ ನಾನು?" ಎಂದರು. ಮತ್ತೆ ಚಾಪೆ, ಮತ್ತೆ ಮೂವತ್ತು ದಿನ. ಕೊನೆಯ ಸಂಜೆ ಹೊದಿಕೆ ನನ್ನ ಮುಂದೆ ಬಂತು. ನಾನು ಸುಮ್ಮನೆ ಫೋನು ಉಜ್ಜಿದೆ.

"ಎಲ್ಲ ಚೆನ್ನಾಗಿದಾರೆ ಮಾಮ."

"ಈ ಡ್ರಮ್ ಹುಡುಗ? ಇವ್ನು ಬಡಿಯೋದು ಕೇಳಿದ್ರೆ ಭಯ ಆಗತ್ತೆ ಕಣೇ, ಒಂದಿನ ಏನಾದ್ರೂ ಮಾಡ್ಕೊಂಬಿಡ್ತಾನೆ ಅಂತ."

"ಇಲ್ಲ ಮಾಮ. ಊರಾಚೆ ಮನೆ ಕಟ್ಕೊಂಡಿದಾರಂತೆ. ಕುದುರೆ ಸಾಕಿದಾರಂತೆ."

"ಸದ್ಯ," ಎಂದು ಮಾಮ ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಆ ಮುಖವನ್ನು ಹೆಬ್ಬೆರಳಿನಿಂದ ಒರೆಸಿದರು.

ಕೆಳಗೆ ಬಂದು ಬಚ್ಚಲಿನಲ್ಲಿ ಒಂದು ಚೊಂಬು ತಣ್ಣೀರನ್ನು ತಲೆಗೆ ಸುರಿದುಕೊಂಡೆ. ಯಾರಾದರೊಬ್ಬರು ಮಾಡಬೇಕಲ್ಲ. ಕೂದಲು ಒದ್ದೆಯಿರುವಾಗಲೇ ಮಲಗಿದವಳಿಗೆ ಎಚ್ಚರವಾದದ್ದು ಬೆಳಗಾದ ಮೇಲೆ, ಕಾಫಿ ಆರಿಹೋಯಿತೆಂದು ಅಮ್ಮ ಬೈಯುವಾಗ.