ಭಾವನ ಬಳಗ

ನನ್ನ ಭಾವನನ್ನು ನಮ್ಮ ಕಡೆಯ ಯಾವ ಮದುವೆಗೂ ಯಾರೂ ಮನಸಾರೆ ಕರೆಯುವುದಿಲ್ಲ. ಪಾಪ, ಜಗಳಗಂಟರಲ್ಲ, ಊಟವೂ ಮಿತ. ತೊಂದರೆ ಏನೆಂದರೆ, ಹೋದಲ್ಲೆಲ್ಲ ನೆಂಟಸ್ತಿಕೆ ಹುಡುಕುತ್ತಾರೆ. ಅದನ್ನು ನಾವೂ ಮಾಡುತ್ತೇವಲ್ಲ ಎನ್ನುತ್ತೀರಾ? ನಾವು ಹೆಚ್ಚೆಂದರೆ ಹಾಸನದವರೆಗೆ ಹೋಗಿ ನಿಲ್ಲುತ್ತೇವೆ. ಅವರು ನೊಣದವರೆಗೆ ಹೋಗುತ್ತಾರೆ!

ಭಾವ ಎಂದರೆ ತೀರಿಹೋದ ನನ್ನ ಅಕ್ಕನ ಗಂಡ. ಜಯನಗರದ ಮನೆಯಲ್ಲಿ ಅವರು ಮಹಡಿ ಮೇಲೆ, ನಾನು ಕೆಳಗೆ. ಲ್ಯಾಬೊಂದರಲ್ಲಿ ಆಯುಷ್ಯವೆಲ್ಲ ಜೀನೋಮ್‌ಗಳನ್ನು ಹೋಲಿಸಿ ನೋಡಿದವರು. ಪ್ರತಿ ಜೀವಿಯ ಮೈಯೊಳಗೂ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಉದ್ದನೆಯ ಪುರಾಣವಿದೆಯಂತೆ. ಇಬ್ಬರದನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ, ಹೆಚ್ಚು ಹೊಂದಿದರೆ ಹತ್ತಿರದ ನೆಂಟರು, ಕಡಿಮೆ ಹೊಂದಿದರೆ ದೂರದವರು. ರಿಟೈರ್ ಆದರೂ ಚಾಳಿ ಬಿಟ್ಟಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲಿಳಿದು ಬರುತ್ತದೆ ಅವರ ದನಿ: “ಎ ಎ ಜಿ ಟಿ, ಸಿ ಸಿ ಎ...” ಎದುರಿನ ಮರದಿಂದ ಬಾವಲಿಗಳು ಹೊರಡುವುದೂ ಅದೇ ಹೊತ್ತಿಗೆ. ಯಾರನ್ನೋ ಕರೆಯುತ್ತಿದ್ದಾರೆ, ಅವರು ಬರುತ್ತಿದ್ದಾರೆ ಎಂದೇ ನನಗೆ ಅನಿಸುವುದು.

ಬನಶಂಕರಿಯ ಒಂದು ಮದುವೆಯಲ್ಲಿ ಹುಡುಗನ ಸೋದರತ್ತೆ ಜಂಬದಿಂದ ಹೇಳಿದರು: “ನಮ್ಮದು ಮಡಿ ಮನೆತನ ಸಾರ್. ಇವತ್ತಿನವರೆಗೂ ಮೊಟ್ಟೆ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ.”

“ಬರೋದೇನು ಬಂತಮ್ಮಾ, ಒಳಗೇ ಇದೆಯಲ್ಲ!” ಎಂದರು ಭಾವ. “ಮೊಟ್ಟೆಯ ಹಳದಿ ಮಾಡೋ ಜೀನ್ ನಿಮ್ಮ ಮೈಯಲ್ಲೂ ಮುರಿದು ಬಿದ್ದಿದೆ. ಕೋಳೀದನ್ನ ಪಕ್ಕ ಇಟ್ರೆ ಅದೇ ಜಾಗದಲ್ಲಿ ಅದರ ಚೂರು ಕಾಣತ್ತೆ. ನಮ್ಮ ಹಳೇ ಅಜ್ಜಿಯಂದಿರು ಮೊಟ್ಟೆ ತಿಂತಿದ್ರೋ ಇಲ್ವೋ, ಇಡ್ತಿದ್ದದ್ದಂತೂ ನಿಜ!”

ಆಕೆ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ನನ್ನನ್ನೇನು ಬಿಟ್ಟಾರೆ? ಒಂದು ಬೆಳಿಗ್ಗೆ ಮನೆಯಲ್ಲಿ ಕಾಫಿ ಲೋಟದ ಮೇಲೆ ಕೂತ ನೊಣಕ್ಕೆ ಪೇಪರ್ ಎತ್ತಿದ್ದೆ.

“ತಡಿಯಮ್ಮ. ‘ಕಣ್ಣು ಮಾಡು’ ಅಂತ ಅಪ್ಪಣೆ ಕೊಡೋ ಜೀನ್ ನಮಗೂ ಇಲಿಗೂ ಇದಕ್ಕೂ ಹೆಚ್ಚುಕಮ್ಮಿ ಒಂದೇ. ಇಲೀದನ್ನ ತಂದು ನೊಣದ ಕಾಲಲ್ಲಿ ಚಾಲೂ ಮಾಡಿದ್ರೆ, ಕಾಲ ಮೇಲೇ ಕಣ್ಣು ಬಂತು.”

“ಇಲಿ ಕಣ್ಣಾ?”

“ಅಲ್ಲ, ನೊಣದ್ದೇ. ಅಪ್ಪಣೆ ಹಳೇದು. ಕೇಳಿಸ್ಕೊಂಡೋರು ತಮಗೆ ಬಂದ ಹಾಗೆ ಮಾಡ್ತಾರೆ, ಅಷ್ಟೆ.”

ಮೈ ಗಾಡ್, ಹೌ ಕ್ರೀಪಿ! ನೊಣ ಕದಲದೆ ನನ್ನನ್ನೇ ನೋಡುತ್ತಿತ್ತು. ಅದೂ ನಾನೂ ನೋಡಲು ಕಲಿತದ್ದು ಒಂದೇ ಮನೆಯಲ್ಲಿ. ಕಾಫಿ ಅದಕ್ಕೇ ಬಿಟ್ಟೆ.

ಇಷ್ಟಾದರೂ ಇವೆಲ್ಲ ನಗುವ ಮಾತಾಗಿತ್ತು, ನನ್ನ ಹೃದಯದ ಕವಾಟ ಕೈಕೊಡುವವರೆಗೆ. “ಆಂಟಿ, ಮೆಟಲ್ ವಾಲ್ವ್ ಹಾಕಿದ್ರೆ ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ. ನಿಮ್ಮ ವಯಸ್ಸಿಗೆ ಹಂದೀದೇ ಬೆಸ್ಟ್,” ಎಂದ ಡಾಕ್ಟರು, ತಡ ಮಾಡಿದರೆ ಉಳಿಯುವುದು ಕಷ್ಟ ಎಂದೂ ಸೇರಿಸಿದರು.

“ಹಂದಿ! ನನ್ನ ಎದೆಯೊಳಗೆ! ಸತ್ತರೆ ಸಾಯ್ತೀನಿ ಭಾವ, ಅದು ಮಾತ್ರ ಬೇಡ.”

ಭಾವ ವಾದಿಸಲಿಲ್ಲ. ಲ್ಯಾಪ್‌ಟಾಪನ್ನು ಕೆಳಗೆ ತಂದು ನನ್ನ ಮುಂದಿಟ್ಟರು. “ಹೃದಯದ ಒಂದು ಜೀನ್ ಇದು. ಮೇಲಿನ ಸಾಲು ನಮ್ದು, ಕೆಳಗಿಂದು ಅವನದು, ಹಂದೀದು. ತಪ್ಪು ಹುಡುಕು.”

ಹೊರಗೆ ಕತ್ತಲಾಗುತ್ತಿತ್ತು. ಹೊಂದಿದ ಅಕ್ಷರಗಳೆಲ್ಲ ನೀಲಿ. ಕನ್ನಡಕ ಏರಿಸಿ ಹುಡುಕಿದೆ. ಅಲ್ಲೊಂದು ಇಲ್ಲೊಂದು ತಪ್ಪು, ಮತ್ತೆ ನೀಲಿಯೇ ನೀಲಿ. ಕಾನ್ವೆಂಟಿನಲ್ಲಿ ಇಬ್ಬರ ಡಿಕ್ಟೇಶನ್ ಇಷ್ಟು ಹೊಂದಿದರೆ ಸಿಸ್ಟರ್ ಕಿವಿ ಹಿಂಡುತ್ತಿದ್ದರು.

“ಯಾರನ್ನ ನೋಡಿ ಯಾರು ಕಾಪಿ ಹೊಡೆದದ್ದು ಭಾವ?”

“ಇಬ್ಬರೂ ಒಬ್ಬಳೇ ತಾಯಿ ಹತ್ತಿರ. ಅವಳೀಗ ಎಲ್ಲೂ ಇಲ್ಲ. ಈ ಹೊಂದೋ ಅಕ್ಷರಗಳೇ ಅವಳು.”

ನೀಲಿ ಬೆಳಕಿನಲ್ಲಿ ಅವರ ಮುಖ ಮನುಷ್ಯರದೇ ಎಂದು ಹೇಳುವಂತಿರಲಿಲ್ಲ. ನನ್ನದೂ ಹಾಗೇ ಇದ್ದಿರಬೇಕು. ಎದೆ ಬಡಿಯುತ್ತಿತ್ತು, ಒಳಗೆ ಯಾರೋ ಕಾದು ಕೂತು ಬಾಗಿಲು ತಟ್ಟಿದ ಹಾಗೆ. “ಸರಿ, ಆಪರೇಷನ್ ಆಗ್ಲಿ” ಎಂದುಬಿಟ್ಟೆ.

ಉಳಿದುಕೊಂಡೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಭಾವ ಮಾತ್ರ ಬಾಗಿಲ ಬಳಿಯೇ ನಿಂತರು. ಬಿಳಿ ಗಡ್ಡ ಬೆಳೆದಿತ್ತು, ಹಣೆ ಬರಿದು. ಕೈ ಚಾಚಿದರೆ ಹಿಂದೆ ಸರಿದರು.

“ಮುಟ್ಟಬೇಡ ಮರಿ. ಸೂತಕ.”

“ಯಾರು ಹೋದ್ರು ಭಾವ?”

ಅವರು ಮೆಲ್ಲಗೆ ನನ್ನ ಎದೆಯತ್ತ ಬೆರಳು ತೋರಿಸಿದರು. “ದೂರದ ದಾಯಾದಿ. ಅವನಿಗೆ ಅಳೋರು ಯಾರೂ ಇರ್ಲಿಲ್ಲ. ನೀನು ಉಳಿದೆಯಲ್ಲ... ಸುಮ್ಮನಿರೋಕಾಗ್ಲಿಲ್ಲ.”

ಅಕ್ಕ ಹೋದಾಗಲೂ ಇದನ್ನೆಲ್ಲ ಮಾಡದೆ ಬೈಸಿಕೊಂಡಿದ್ದ ಮನುಷ್ಯ! ನಗಲು ಹೋದೆ, ಆಗಲಿಲ್ಲ. ಮೆಲ್ಲಗೆ ಹೊಸ್ತಿಲ ಮೇಲೆ ಕೂತೆ.

“ಪಾಲು ತಗೊಂಡೋಳು ನಾನು ಭಾವ. ನನಗೂ ಸೂತಕ ಅಲ್ವಾ?”

ಸೂತಕದವರು ಸೂತಕದವರನ್ನು ಮುಟ್ಟಬಹುದು. ಅವರು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು.