ಹೌ ಎನ್ನುವ ಊರು

ಬಾಲಾನಗರದಲ್ಲಿ ಕಾರ್ಖಾನೆಯ ಗೋಡೆ ಮುಗಿಯುತ್ತಲೇ ಇರಲಿಲ್ಲ. ನನ್ನ ಕೈಯಲ್ಲಿ ಸ್ಟೀಲ್ ಡಬ್ಬಿ, ಸಂಜೆಗೆ ರೈಲು. ಸೈಕಲ್ ರಿಪೇರಿಯವನನ್ನು ಕೇಳಿದೆ.

“ಭಾಯಿ, ನೀರಿನ ಟಾಕಿ ಹಿಂದಿನ ಓಣಿ ಈ ಕಡೆಯೇ?”

“ಹೌ.”

“ಆ ಕಡೆಯಲ್ಲವೇ?”

“ಹೌ.”

ಹೈದರಾಬಾದಿನಲ್ಲಿ ಕೇಳಿದವರಿಗೆ ಇಲ್ಲ ಎನ್ನುವುದು ಮರ್ಯಾದೆಯಲ್ಲ. ಈ ಒಂದಕ್ಷರದ ಹಿಂದೆ ಹೋಗಿ ನಾನು ಕಳೆದುಹೋಗುವುದು ಹೊಸದೂ ಅಲ್ಲ.

ಡಬ್ಬಿ ಖಾಲಾ ಅವರದು. ಗುಲ್ಬರ್ಗದ ಕಡೆಯವರು, ಮೊದಲು ಕಾಚಿಗುಡದಲ್ಲಿ ನಮ್ಮ ಗೋಡೆಯಾಚೆ ಇದ್ದು ಈಗ ಇಲ್ಲಿಗೆ ಬಂದವರು, ಓಣಿಗೆಲ್ಲ ಚಿಕ್ಕಮ್ಮ. ಹಿಂದಿನ ಸಲ ನಾನು ದೇಶ ತಿರುಗಲು ಹೊರಟಾಗ ನಾನ್‌ಖಟಾಯಿ ಬಿಸ್ಕತ್ತು ತುಂಬಿ ಕೊಟ್ಟಿದ್ದರು. ತುಂಬಿ ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು, ಎರಡೂ ಮನೆಗಳ ಕಾನೂನು. “ದೇಶ ತಿರುಗವ್ವಾ, ಬ್ಯಾಡ ಅನ್ನೂದಿಲ್ಲ. ಆದ್ರ ಖಾಲಾನ ಋಣ ತೀರಿಸಿ ಹೋಗು,” ಎಂದಿದ್ದಳು ಅವ್ವ. ನನಗೂ ಬೇಕಿದ್ದದ್ದು ಅದೇ, ಹಿಂದೆ ಎಳೆಯುವ ದಾರ ಒಂದಾದರೂ ಕಡಿಮೆಯಾಗಲಿ.

ಗೋಡೆಯಾಚೆ

ಕಾಚಿಗುಡದಲ್ಲಿ ಒಮ್ಮೆ ‘ಹೌ’ ಯಾರದೆಂದು ವಾದ ಹತ್ತಿತು. “ನಮ್ಮ ಹೌದು ಅದು. ರೈಲಿನಾಗ ಬರೂಮುಂದ ‘ದು’ ವಾಡಿ ಜಂಕ್ಷನ್‌ನಾಗ ಇಳೀತು,” ಎಂದರು ಅಪ್ಪ. ಮಹಡಿಯ ತೆಲುಗು ಮೇಷ್ಟ್ರಿಗೆ ಅದು ಅವರ ‘ಔನು’. ಮರಾಠಿ ದರ್ಜಿಗೆ ಅವರ ‘ಹೋ’. ತೀರ್ಪು ಖಾಲಾ ಅವರದು.

“ಖಾಲಾ, ಕನ್ನಡದ್ದ ಹೌದಲ್ರಿ?”

“ಹೌ.”

ಮೇಷ್ಟ್ರು ಕೇಳಿದರು: ಹೌ. ದರ್ಜಿ ಕೇಳಿದ: ಹೌ. ಮೂವರೂ ಗೆದ್ದು ಮನೆಗೆ ಹೋದರು.

ಮಂಜಿನಲ್ಲಿ

ದೇಶ ತಿರುಗುವಾಗಲೂ ‘ಹೌ’ ನನ್ನ ಜೊತೆಗೇ ಬಂತು. ಚೀನಾದಲ್ಲಿ ‘ಹಾವ್’ ಎಂದರೆ ಚೆನ್ನಾಗಿದೆ. ಬಡಿಸುವಾಕೆಗೆ ನಾನು ‘ಹೌ, ಹೌ’ ಎಂದು ತಲೆಯಾಡಿಸಿ, ಮೇಜಿನಿಂದ ಏಳಲಾರದಷ್ಟು ಉಂಡೆ. ಫಿನ್ಲೆಂಡಿನಲ್ಲಿ ‘ಹೌ ಹೌ’ ಅನ್ನುವುದು ನಾಯಿ. ಮಂಜು ಸುರಿಯುತ್ತಿತ್ತು, ಬೀದಿಯಲ್ಲಿ ಯಾರೂ ಇಲ್ಲ. ದೂರದಲ್ಲಿ ಒಂದು ನಾಯಿ ಬೊಗಳಿದರೆ, ನಮ್ಮೂರಿನವರು ಯಾರೋ ಯಾವುದಕ್ಕೋ ಒಪ್ಪುತ್ತಿದ್ದಾರೆ ಅನಿಸುತ್ತಿತ್ತು. ನಾನೂ ಕಿಟಕಿ ತೆರೆದು ‘ಹೌ’ ಎಂದೆ. ಮರುದಿನ ಮನೆಯೊಡತಿ ನನ್ನನ್ನು ಕೊಂಚ ದೂರ ನಿಂತೇ ಮಾತಾಡಿಸಿದಳು.

ನೀರಿನ ಟಾಕಿಯ ಹಿಂದೆ

ಬಾಲಾನಗರದಲ್ಲಿ ಎಲ್ಲರ ಹೌಗಳನ್ನೂ ಸುತ್ತಿ ಮತ್ತೆ ಸೈಕಲ್ ಅಂಗಡಿಗೇ ಬಂದೆ. ಓಣಿ ಅದರ ಬೆನ್ನಿಗೇ ಇತ್ತು.

ಖಾಲಾ ಹೊರಸಿನ ಮೇಲೆ ಕೂತಿದ್ದರು. ಡಬ್ಬಿಯ ಶೇಂಗಾ ಹೋಳಿಗೆಗಳನ್ನು ತಟ್ಟೆಗೆ ಸುರಿದು, ಒಂದನ್ನು ಕಣ್ಣುಮುಚ್ಚಿ ತಿಂದರು.

“ಖಾಲಾ, ನನ್ನ ಋಣ ತೀರಿತಲ್ರಿ?”

“ಹೌ ಬೇಟಿ,” ಎಂದು ಡಬ್ಬಿ ಹಿಡಿದು ಒಳಗೆ ಹೋದರು. ಬಂದಾಗ ಅದರಲ್ಲಿ ಬೆಚ್ಚಗಿನ ನಾನ್‌ಖಟಾಯಿ.

“ಮತ್ತ ತುಂಬಿದ್ರಿ?”

“ಖಾಲಿ ಡಬ್ಬಿ ಹ್ಯಾಂಗ ಕೊಡಲಿ?”

“ಡಬ್ಬಿ ನಿಮ್ಮದರಿ.”

“ಹೌ,” ಎಂದು ನನ್ನ ಕೈಗೇ ಇಟ್ಟರು.

ರೈಲಿಗೆ ಹೊತ್ತಾಗಿತ್ತು. ನಾನ್‌ಖಟಾಯಿಗಳನ್ನು ಸೆರಗಿಗೆ ಸುರಿದುಕೊಂಡೆ. ದಾರಿಗೆಂದು ಅವ್ವ ಚೀಲದಲ್ಲಿ ಕಟ್ಟಿಟ್ಟ ರೊಟ್ಟಿ ಪಲ್ಯವನ್ನು ಡಬ್ಬಿಗೆ ತುಂಬಿ, ಖಾಲಾ ಕೈಗಿಟ್ಟು ಓಡಿದೆ.

“ಈಗ ಋಣ ನಂದಾತು,” ಹಿಂದಿನಿಂದ ಕೂಗಿದರು. “ತೀರಿಸಿಕೊಳ್ಳಾಕ ಬರತೀ ಇಲ್ಲ?”

ಓಣಿಯ ತಿರುವಿನಲ್ಲಿ ನಿಂತು, ಹೈದರಾಬಾದಿನವರು ಹೇಳುವ ಹಾಗೆಯೇ ಹೇಳಿದೆ: “ಹೌ.”