ಹಿತ್ತಲಿಗೆ ಬಂದ ಸಾರ್ವಜನಿಕರು

ಅವತ್ತು ಕಲ್ಯಾಣ ಮಂಟಪದ ಮೈಕು ಕೆಟ್ಟುಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಶ್ರೀಶೈಲಪ್ಪ ಈಗಲೂ ಹಳಹಳಿಸುತ್ತಾನೆ. ಆದರೆ ಗೋಕಾಕದ ಮೈಕುಗಳು ನಮಗೆ ಬೇಕಾದಾಗ ಕೆಡುವ ಜಾತಿಯವಲ್ಲ. ಮದುವೆಯಲ್ಲಿ ಸರಿಯಾಗಿ ಅಕ್ಷತೆಯ ಹೊತ್ತಿಗೆ ಕುಂಯ್ ಎಂದು ಅಳುವ ಅದೇ ಯಂತ್ರ, ಅವತ್ತು ಮಾತ್ರ ಅವನು ಆಡಿದ ಒಂದೊಂದು ಅಕ್ಷರವನ್ನೂ ಮುತ್ತು ಪೋಣಿಸಿದಂತೆ ಊರ ಮಂದಿಯ ಕಿವಿಗೆ ಮುಟ್ಟಿಸಿಬಿಟ್ಟಿತು.

ಶ್ರೀಶೈಲಪ್ಪನಿಗೂ ಮೈಕಿಗೂ ಹಳೆಯ ನಂಟು. ನಿವೃತ್ತನಾಗುವವರೆಗೆ ಅವನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಹುಕ್ಕೇರಿ ಮಾರ್ಗವಾಗಿ ಸಂಕೇಶ್ವರಕ್ಕೆ ಹೋಗುವ ಪ್ರಯಾಣಿಕರ ಗಮನಕ್ಕೆ ಎಂದು ಅವನ ಕಂಠ ಹೊರಟರೆ, ಎಲ್ಲಿಗೂ ಹೋಗದ ಬಾಳೆಹಣ್ಣಿನವರೂ ಒಂದು ಕ್ಷಣ ಗಮನ ಕೊಡುತ್ತಿದ್ದರು. ಆದರೂ ಅವನಿಗೊಂದು ಕೊರಗಿತ್ತು. ಇಡೀ ನೌಕರಿಯುದ್ದಕ್ಕೂ ಅವನ ಕೋಣೆಯ ಕಿಂಡಿಗೆ ಮುಖ ಹಚ್ಚಿದ ಜನ ಕೇಳಿದ್ದು ಒಂದೇ ಮಾತು, ಮೂಡಲಗಿ ಬಸ್ ಯಾವಾಗ ಅಂತ. ನಿಮ್ಮ ಅಭಿಪ್ರಾಯವೇನು ಎಂದು ಒಬ್ಬ ನರಪ್ರಾಣಿಯೂ ಕೇಳಲಿಲ್ಲ. (ಮನೆಯಲ್ಲಂತೂ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಲ್ಲಿ ಗೃಹ, ಹಣಕಾಸು, ಆಹಾರ ಎಲ್ಲ ಖಾತೆಗಳೂ ಹೆಂಡತಿ ದಾಕ್ಷಾಯಿಣಿಯ ಕೈಯಲ್ಲಿದ್ದವು. ಅವನಿಗೆ ಉಳಿದದ್ದು ಸಾರಿಗೆ, ಅಂದರೆ ಸಂತೆಯ ಚೀಲ ಹೊರುವುದು.)

ಹೀಗಿರುವಾಗ ಘಟಪ್ರಭೆಯ ದಂಡೆಗುಂಟ ಹಾದಿ ಮಾಡುವ ಯೋಜನೆ ಬಂತು. ಹುಕ್ಕೇರಿ ತಾಲೂಕಿನಿಂದ ಹೊರಟು, ಗೋಕಾಕ ಹಾದು, ಮೂಡಲಗಿ ಕಡೆಯ ಹಳ್ಳಿಗಳವರೆಗೆ ಹೋಗುವ ಹಾದಿ. ನಡೆಯುವವರು ನಡೆಯಬಹುದು, ಸೈಕಲ್ಲಿನವರು ತುಳಿಯಬಹುದು, ಏನೂ ಮಾಡದವರು ಕುಳಿತು ನೀರು ನೋಡಬಹುದು. ಅದು ಎಲ್ಲೆಲ್ಲಿ ಹೋಗಬೇಕೆಂಬುದನ್ನು ಮಾತ್ರ ಸಾರ್ವಜನಿಕರೇ ಹೇಳಬೇಕಂತೆ. ಅದಕ್ಕಾಗಿ ಮೂರೂ ಊರುಗಳಲ್ಲಿ ಸಭೆ ಇಟ್ಟಿದ್ದರು. ಸಭೆ ನಡೆಸಲು ಬಂದ ಅಧಿಕಾರಿ ಮೇಘಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಗೋಕಾಕದ ಸಭೆಯಲ್ಲಿ ಆಕೆ, ಹಿರಿಯರು ಯಾರಾದರೂ ತಮ್ಮ ಅಭಿಪ್ರಾಯ ತಿಳಿಸಬೇಕು ಎಂದು ಕೈಮುಗಿದು ಕೇಳಿದಳು. ಶ್ರೀಶೈಲಪ್ಪನಿಗೆ ಇಷ್ಟು ವರ್ಷ ಕಾದ ಬಸ್ಸು ಕೊನೆಗೂ ಪ್ಲಾಟ್‌ಫಾರ್ಮಿಗೆ ಬಂದು ನಿಂತಂತಾಯಿತು. ಎದ್ದು ಹೋಗಿ ಮೈಕು ಹಿಡಿದ.

ಹಿಡಿದವನು ಬಿಡಲಿಲ್ಲ. ನದಿ ಯಾರಪ್ಪನ ಸ್ವತ್ತೂ ಅಲ್ಲ ಎಂದ. ದಂಡೆಯನ್ನು ಹಿತ್ತಲು ಮಾಡಿಕೊಂಡು ಕೂತ ಮಹಾಶಯರು ತಮ್ಮ ಬೇಲಿಯನ್ನು ತಮ್ಮ ಕೈಯಿಂದಲೇ ಕೀಳಬೇಕು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಸಾರ್ವಜನಿಕರನ್ನು ಆರತಿ ಎತ್ತಿ ಒಳಗೆ ಕರೆದುಕೊಳ್ಳಬೇಕು ಎಂದೂ ಸೇರಿಸಿದ. ಚಪ್ಪಾಳೆಗೆ ಮಂಟಪದ ಪಾರಿವಾಳಗಳೆಲ್ಲ ಹಾರಿದವು. ಮೇಘಾ ಅವನ ಹೆಸರನ್ನು ಅಲ್ಲೇ ನಾಗರಿಕ ಸಮಿತಿಗೆ ಸೇರಿಸಿಕೊಂಡಳು.

ಮಾತಾಡುವಾಗ ಅವನ ಕಣ್ಣಮುಂದೆ ಇದ್ದದ್ದು ಆಚೆ ಓಣಿಯಲ್ಲಿ ನದಿಗೆ ಬೆನ್ನು ಮಾಡಿ ತಗಡಿನ ಶೆಡ್ಡು ಹೊಡೆದ ಯಾರೋ ಒಬ್ಬ. ತನಗೂ ಒಂದು ಹಿತ್ತಲಿದೆ, ಅದೂ ನದಿಗೇ ಇಳಿಯುತ್ತದೆ ಎಂಬುದು ಅವನ ತಲೆಗೇ ಬರಲಿಲ್ಲ. ಇದಕ್ಕೆ ಅವನ ಸಾಧುತನವೂ ಕಾರಣವಲ್ಲ, ಮರೆಗುಳಿತನವೂ ಅಲ್ಲ. ಅವನು ಆ ಕಡೆ ಹೋಗುತ್ತಲೇ ಇರಲಿಲ್ಲ. ಅವನ ಬದುಕೆಲ್ಲ ಮುಂಬಾಗಿಲ ಕಟ್ಟೆ, ಪತ್ರಿಕೆ, ಹೋಗಿಬರುವವರ ಸಂಗಡ ರಾಜಕೀಯ. ಹಿತ್ತಲು ದಾಕ್ಷಾಯಿಣಿಯದು. ದೊಡ್ಡ ಮಹಾಪೂರ ಬಂದ ವರ್ಷ ಹಿಂದಿನ ಗೋಡೆ ಬಿದ್ದು, ಇದ್ದ ಗಿಡಗಳೆಲ್ಲ ಕೊಚ್ಚಿಹೋಗಿ, ನದಿ ಅಲ್ಲಿ ಮೊಣಕಾಲುದ್ದ ಕೆಸರು ಬಿಟ್ಟು ಹೋಗಿತ್ತು. ಆ ಕೆಸರನ್ನೇ ಆಕೆ ಮಡಿ ಮಾಡಿ ನಿಂಬೆ, ಕರಿಬೇವು, ಮಲ್ಲಿಗೆ ಹಚ್ಚಿದಳು. ಬಿದ್ದ ಗೋಡೆಯ ಕಲ್ಲು ಸಾಗಿಸಿ, ಮಹಾಪೂರಕ್ಕೂ ಜಗ್ಗದೆ ಉಳಿದಿದ್ದ ಬೇವಿನ ಮರದ ಬುಡಕ್ಕೆ ಕಟ್ಟೆ ಕಟ್ಟಿಸಿದಳು. ಬೇಲಿ ಹೆಣೆದವಳೂ ಆಕೆಯೇ.

ಸಮಿತಿಯ ಸದಸ್ಯನಾದ ಮೇಲೆ ಶ್ರೀಶೈಲಪ್ಪನನ್ನು ಹಿಡಿಯುವವರಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹುಕ್ಕೇರಿಯ ಸಭೆಗೆ ಹೋದ. ಅಲ್ಲಿ ಕಣಗಲಾ ಊರಿನವರು, ಘಟಪ್ರಭೆ ತಮ್ಮೂರಿಗೆ ಬರದಿದ್ದರೂ ಚಿಂತೆಯಿಲ್ಲ, ಹಾದಿ ಮಾತ್ರ ಬರಲೇಬೇಕು ಎಂದು ಪಟ್ಟು ಹಿಡಿದಿದ್ದರು. ಮೂಡಲಗಿಯ ಸಭೆಯಲ್ಲಿ ಒಬ್ಬ, ಈ ಹಾದಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗಬಹುದೋ, ಅಥವಾ ಎಮ್ಮೆಯೂ ಬೂಟು ಹಾಕಿಕೊಂಡು ವಾಕಿಂಗ್ ಬರಬೇಕೋ ಎಂದು ಕೇಳಿದ. ಶ್ರೀಶೈಲಪ್ಪ ಎಲ್ಲರ ಮಾತನ್ನೂ ತಲೆದೂಗಿ ಕೇಳಿದ, ಎಲ್ಲರ ಅಭಿಪ್ರಾಯವನ್ನೂ ಸ್ವಾಗತಿಸಿದ. ಅವನಷ್ಟು ತಾಳ್ಮೆಯ ಮನುಷ್ಯ ಮೂರು ತಾಲೂಕಿನಲ್ಲಿ ಸಿಗಲಾರ ಎಂದು ಜನ ಹೇಳಿಕೊಂಡರು. ಹಾದಿ ಎಲ್ಲಿ ಹಾದು ಹೋಗುತ್ತದೆ ಎಂದು ದಾಕ್ಷಾಯಿಣಿ ಒಮ್ಮೆ ಕೇಳಿದಾಗ ಮಾತ್ರ ಅವನು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಎಲ್ಲೋ ನದಿ ಕಡಿಗೆ ಹೋಗತೈತಿ" ಎಂದ.

"ನಮ್ಮ ಮನಿ ಯಾವ ಕಡಿಗೆ ಐತಿ?" ಎಂದಳು ಆಕೆ.

ಉತ್ತರ ಅವನು ಕೊಡಲಿಲ್ಲ, ಅಳತೆಯವರು ಬಂದು ಕೊಟ್ಟರು. ಒಂದು ಮುಂಜಾನೆ ಹಿತ್ತಲಿಗೆ ಇಳಿದು, ಹಗ್ಗ ಎಳೆದು, ನಿಂಬೆಗೂ ಕರಿಬೇವಿಗೂ ನಡುವೆ ಕೆಂಪು ಬಾವುಟ ನೆಟ್ಟರು. ಬಿದ್ದ ಗೋಡೆಯ ಪಾಯದಿಂದ ಆಚೆಗೆ ಇದ್ದದ್ದೆಲ್ಲ ಸರಕಾರದ ದಂಡೆ, ಇದರಲ್ಲಿ ತಕರಾರಿಗೆ ಎಡೆಯೇ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದ ದಾಕ್ಷಾಯಿಣಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಇದು ಯಾರು ಹೇಳಿದ ಕೆಲಸ ಎಂದು ಕೇಳಿದಳು. ಸಾರ್ವಜನಿಕರು ಹೇಳಿದ್ದು ಎಂದು ಅವರಲ್ಲೊಬ್ಬ ವಿನಯದಿಂದ ಹೇಳಿದ. ಯಾವ ಸಾರ್ವಜನಿಕರು ಎಂದಳು. ಅವನು ಅಳತೆಗೋಲು ಎತ್ತಿ ತೋರಿಸಿದ. ಕೋಲಿನ ತುದಿಯ ನೇರಕ್ಕೆ, ಅಳತೆಯವರಿಗೆಂದು ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಶ್ರೀಶೈಲಪ್ಪ ಬರುತ್ತಿದ್ದ.

ಅವರೆಲ್ಲ ಹೋಗುವವರೆಗೆ ಆಕೆ ಮತ್ತೆ ಬಟ್ಟೆ ಒಗೆದಳು. ಉಳಿದ ಬಟ್ಟೆ ಹಿಂಡಿ ಒಣಹಾಕಿದಳು. ಆಮೇಲೆ ಒಳಗೆ ಬಂದಳು.

"ಬೇಲಿ ಕೀಳಬೇಕು ಅಂದ್ರಂತ."

"ನಾ ಅಂದದ್ದು ಮಂದಿ ಬೇಲಿ."

"ಆರತಿ ಎತ್ತಬೇಕು ಅಂದ್ರಂತ."

"ಅದು ಮಾತಿನ ಭರದಾಗ ಬಂತು."

"ಮೂರ ಊರು ತಿರಗಿ ಎಮ್ಮಿ ಕಾಯಾವರನ್ನೂ ಕೇಳಿ ಬಂದ್ರಿ. ಹಿತ್ತಲದಾಗ ಕುಂತಾಕಿನ್ನ ಒಂದ ಮಾತ ಕೇಳಲಿಲ್ಲ ನೀವು."

ಆಕೆ ಅಳುತ್ತಾಳೆ ಅಥವಾ ಒದರುತ್ತಾಳೆ ಎಂದು ಅವನು ಕಾದ. ಎರಡೂ ಆಗಲಿಲ್ಲ. ಅವತ್ತಿನಿಂದ ಅಡುಗೆಯಲ್ಲಿ ಉಪ್ಪು ಹೆಚ್ಚಾಗಬಹುದೆಂದು ಹೆದರಿದ. ಉಪ್ಪು, ಖಾರ, ಹುಳಿ ಎಲ್ಲ ಹದವಾಗಿಯೇ ಇದ್ದವು. ಅದೇ ಅವನಿಗೆ ಹೆಚ್ಚಿನ ದಿಗಿಲು. ಊಟ ಮಾಡುವಾಗ ಹಿಂಬಾಗಿಲಲ್ಲಿ ಆ ಕೆಂಪು ಬಾವುಟ ಗಾಳಿಗೆ ಪಟಪಟ ಎನ್ನುತ್ತಿತ್ತು, ಆಡಿದ ಮಾತು ಹಿಂದೆಯೇ ಬಂದು ಅಣಕಿಸಿದ ಹಾಗೆ.

ನಿದ್ದೆಗೆಟ್ಟು ನಿದ್ದೆಗೆಟ್ಟು ಸಾಕಾಗಿ ಅವನು ಮೇಘಾಳನ್ನು ಹೋಗಿ ಕಂಡ. ಹಾದಿಯನ್ನು ಸ್ವಲ್ಪ ಆಚೆ ಸರಿಸಬಹುದೇ ಎಂದು ತಲೆ ತಗ್ಗಿಸಿ ಕೇಳಿದ. ಆಕೆಗೆ ನಗು ಬಂದಿರಬೇಕು, ತೋರಗೊಡಲಿಲ್ಲ. ಅಂಗಡಿಗಳ ಹಿಂದಿನಿಂದ ಇನ್ನೊಂದು ದಾರಿ ಇದೆ, ಮೂರೂ ತಾಲೂಕಿನವರಿಗಾಗಿ ಗೋಕಾಕದಲ್ಲೇ ನಡೆಯುವ ಕೊನೆಯ ಸಭೆಯಲ್ಲಿ ಜನ ಅದೇ ಆಗಲಿ ಎಂದರೆ ಆಯಿತು, ಇದರಲ್ಲಿ ತನ್ನದೇನೂ ನಡೆಯುವುದಿಲ್ಲ, ಎಲ್ಲ ಸಾರ್ವಜನಿಕರದ್ದು ಎಂದಳು.

ದಾರಿಯುದ್ದಕ್ಕೂ ಶ್ರೀಶೈಲಪ್ಪ ಯೋಚಿಸಿದ. ಊರಿನ ಸಾರ್ವಜನಿಕರು ಅವನ ಭಾಷಣ ಕೇಳಿ ಕೆಟ್ಟುಹೋಗಿದ್ದರು. ಹೊಸ ಸಾರ್ವಜನಿಕರು ಬೇಕಾಗಿತ್ತು, ಭಾಷಣ ಕೇಳದವರು, ಮನೆಯ ಅನ್ನ ಉಂಡವರು. ಅಂಥವರು ಕಲ್ಲೋಳಿಯಲ್ಲಿದ್ದರು. ಅದು ದಾಕ್ಷಾಯಿಣಿಯ ತವರು. ಕಲ್ಲೋಳಿ ಮೂಡಲಗಿಯ ಮಗ್ಗುಲಿಗೇ ಇದ್ದುದರಿಂದ ಅವರಿಗೂ ಸಭೆಯಲ್ಲಿ ಬಾಯಿ ಇತ್ತು. ಹೆಂಡತಿಯ ತಮ್ಮ ದುಂಡಪ್ಪನಿಗೆ ಫೋನು ಮಾಡಿ, ನಿನ್ನ ಅಕ್ಕನ ಹಿತ್ತಲು ಹೋಗುತ್ತಿದೆ, ಎಷ್ಟು ಜನ ಸಿಗುತ್ತಾರೋ ಅಷ್ಟು ಜನರನ್ನು ಕರೆದುಕೊಂಡು ಬಾ, ಬಂದು ಬೇಡ ಎನ್ನು ಎಂದು ಹೇಳಿದ. ದಾಕ್ಷಾಯಿಣಿಗೆ ಹೇಳಿದ್ದು ಇಷ್ಟೇ, ತವರಿನವರು ಊಟಕ್ಕೆ ಬರುತ್ತಾರೆ ಅಂತ. ಆಕೆ ಅವನ ಮುಖವನ್ನೊಮ್ಮೆ ನೋಡಿ, ಕಡಲೆಬೇಳೆ ನೆನೆಹಾಕಲು ಹೋದಳು.

ಸಭೆಯ ದಿನ ಎರಡು ಕ್ರೂಸರ್ ಗಾಡಿ ತುಂಬ ಸಾರ್ವಜನಿಕರು ಬಂದಿಳಿದರು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಸಜ್ಜೆ ರೊಟ್ಟಿ ಎಲ್ಲ ಪಂಕ್ತಿಯ ಮೇಲೆ ಪಂಕ್ತಿ ಕರಗಿದವು. ಉಂಡವರ ಸಿಟ್ಟನ್ನು ಕೆರಳಿಸಬೇಕೆಂದು ಶ್ರೀಶೈಲಪ್ಪ ಅವರನ್ನು ತಾನೇ ಹಿತ್ತಲಿಗೆ ಕರೆದುಕೊಂಡು ಹೋಗಿ ಬಾವುಟ ತೋರಿಸಿದ. ಇಲ್ಲೇ ನೋಡಿ, ಇಲ್ಲಿಂದಲೇ ನಾಳೆ ಕಂಡಕಂಡವರು ಓಡಾಡುವುದು ಎಂದ.

ಅವರಿಗೆ ಸಿಟ್ಟು ಬರಲಿಲ್ಲ, ಗಾಳಿ ಬಂತು. ನದಿಯ ಮೇಲಿನಿಂದ ತಂಪಾಗಿ ಹಾದು ಬಂದ ಗಾಳಿ. ದುಂಡಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ದಾಕ್ಷಾಯಿಣಿಯ ಚಿಗವ್ವ ಚನ್ನವ್ವ ಬೇವಿನ ಕಟ್ಟೆಯ ಮೇಲೆ ಕಾಲು ಚಾಚಿ, ಎಲೆಅಡಿಕೆ ಬಿಚ್ಚಿದಳು. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಹೆಂಗಸರು ದಾಕ್ಷಾಯಿಣಿಯನ್ನು ನಡುವೆ ಕೂಡಿಸಿಕೊಂಡು ಊರ ಸುದ್ದಿ ತೆಗೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ನಗು ಎದ್ದಿತು, ತೆರೆದ ಬಾಯಿಯ ದೊಡ್ಡ ನಗು. ಯಾರದಪ್ಪ ಇದು ಎಂದು ಶ್ರೀಶೈಲಪ್ಪ ತಿರುಗಿ ನೋಡಿದ. ನಗುತ್ತಿದ್ದವಳು ಅವನ ಹೆಂಡತಿ. ಅದನ್ನು ಗುರುತಿಸಲು ತನಗೆ ಇಷ್ಟು ಹೊತ್ತು ಬೇಕಾಯಿತಲ್ಲ ಎಂದು ಅವನಿಗೆ ಒಳಗೇ ಚುಚ್ಚಿತು.

"ದಿನಾ ಸಂಜಿಕ ಇಬ್ಬರೂ ಇಲ್ಲೇ ಕುಂದರತೀರೇನವಾ?" ಎಂದು ಚನ್ನವ್ವ ಕೇಳಿದಳು.

"ಅವರ ಎಲ್ಲಿ ಬರತಾರ ಚಿಗವ್ವಾ" ಎಂದಳು ದಾಕ್ಷಾಯಿಣಿ. "ಮೊದಲ ಕರೀತಿದ್ದೆ. ಆಮ್ಯಾಲ ಕರಿಯೂದ ಬಿಟ್ಟೆ."

ದೂರಿನ ದನಿಯಾಗಿದ್ದರೆ ಅವನು ಏನಾದರೂ ವಾದಿಸುತ್ತಿದ್ದ. ಆಕೆ ಅದನ್ನು ಹವೆಯ ಬಗ್ಗೆ ಹೇಳುವಂತೆ ಹೇಳಿದ್ದಳು. ಯಾವಾಗ ಕರೆದಿದ್ದಳು, ಎಷ್ಟು ಸಲ ಕರೆದಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಒಂದೂ ನೆನಪಾಗಲಿಲ್ಲ.

ಸಭೆಯಲ್ಲಿ ಮೇಘಾ ಎರಡೂ ದಾರಿಗಳನ್ನು ವಿವರಿಸಿ, ಯಾವುದು ಆಗಬೇಕು ಎಂದು ಕೇಳಿದಳು. ಶ್ರೀಶೈಲಪ್ಪ ದುಂಡಪ್ಪನ ಬೆನ್ನಿಗೆ ತಿವಿದ. ದುಂಡಪ್ಪ ಎದ್ದು ಮೈಕಿನ ಹತ್ತಿರ ಹೋಗಿ, ಒಮ್ಮೆ ಕೆಮ್ಮಿ, ನಿಧಾನಕ್ಕೆ ಮಾತು ತೆಗೆದ.

"ನಾವು ಬ್ಯಾಡ ಅನ್ನಾಕ ಬಂದಿದ್ವಿ. ಖರೆ, ಮಧ್ಯಾಹ್ನ ಮಾಮಾರ ಹಿತ್ತಲದಾಗ ಕುಂತ್ವಿ. ಅಂಥಾ ಜಾಗಾ ಇಬ್ಬರಿಗೇ ಇಟಗೊಂಡ್ರ ಪಾಪ ಬರತೈತ್ರಿ. ಹಾದಿ ಅಲ್ಲಿಂದನ ಹೋಗಲಿ."

ಎರಡು ಕ್ರೂಸರಿನ ಚಪ್ಪಾಳೆಯೂ ಒಟ್ಟಿಗೇ ಬಿತ್ತು. (ಹೋಳಿಗೆ ತಿಂದ ಕೈಗಳಿಗೆ ಅಷ್ಟು ಜೋರು ಇರುತ್ತದೆಂದು ಶ್ರೀಶೈಲಪ್ಪನಿಗೆ ಗೊತ್ತಿರಲಿಲ್ಲ.) ಅವನು ಧಾವಿಸಿ ಹೋಗಿ ಮೈಕು ಕಸಿದುಕೊಂಡ. ತನ್ನ ಮೊದಲ ಭಾಷಣ ತಪ್ಪಾಯಿತು, ಹಿತ್ತಲು ತನ್ನ ಹೆಂಡತಿಯದು, ಆಕೆ ಕೆಸರು ಹೊತ್ತು ಮಾಡಿದ್ದು, ದಯವಿಟ್ಟು ಬಿಟ್ಟುಬಿಡಿ ಎಂದು ಹೇಳಿದ. ಬಸ್ ಸ್ಟ್ಯಾಂಡನ್ನು ನಡುಗಿಸಿದ ಆ ಕಂಠ ನಡುನಡುವೆ ಒಡೆದು, ಅರ್ಧ ಮಾತು ಯಾರಿಗೂ ಕೇಳಿಸಲಿಲ್ಲ. ಮೇಘಾ, ಹಾಗಿದ್ದರೆ ಅವರನ್ನೇ ಕೇಳೋಣ ಎಂದು ಹೆಂಗಸರ ಕಡೆ ತಿರುಗಿದಳು. ದಾಕ್ಷಾಯಿಣಿ ಮೈಕು ಬೇಡವೆಂದು ಕೈ ಆಡಿಸಿ, ನಿಂತಲ್ಲಿಂದಲೇ ಮಾತಾಡಿದಳು.

"ಜಾಗಾ ಸರಕಾರದ್ದು ಅಂತ ನನಗ ಮೊದಲಿಂದ ಗೊತ್ತೈತ್ರಿ. ಗಿಡಾ ಕಡಿಬ್ಯಾಡ್ರಿ, ಅಷ್ಟ ನನ್ನ ಮಾತು. ಹಾದಿ ಮಾಡ್ರಿ, ಮಂದಿ ಬರಲಿ. ಒಬ್ಬಾಕಿನ ಕುಂತ ಕುಂತ ನನಗೂ ಸಾಕಾಗೇತಿ."

ಮೈಕಿಲ್ಲದೆಯೂ ಅದು ಕೊನೆಯ ಸಾಲಿನವರೆಗೆ ಕೇಳಿಸಿತು.

ಕಲ್ಲೋಳಿಯವರನ್ನು ಕಳಿಸಿ ಇಬ್ಬರೂ ಮನೆಯ ಕಡೆ ನಡೆದರು. ಓಣಿಯ ತಿರುವಿನಲ್ಲಿ ಅವನು, ಇದೆಲ್ಲ ನಿನ್ನ ಸಲುವಾಗಿಯೇ ಮಾಡಿದೆನಲ್ಲ ಎಂದ. ಹೌದು, ಗೊತ್ತಿದೆ ಎಂದಳು. ಅವನಿಗೆ ತುಸು ಜೀವ ಬಂತು. ಆಕೆ ನಾಲ್ಕು ಹೆಜ್ಜೆ ನಡೆದು, ಮೆಲ್ಲಗೆ ಹೇಳಿದಳು:

"ಖರೆ, ಅದನ್ನೂ ನನ್ನ ಕೇಳಲಾರದನ ಮಾಡಿದ್ರಿ."

ಮುಂದಿನ ಬೇಸಿಗೆಯ ಹೊತ್ತಿಗೆ ಹಾದಿ ಆಯಿತು. ಗಿಡ ಕಡಿಯಲಿಲ್ಲ. ನಿಂಬೆಯನ್ನು ಬಳಸಿಕೊಂಡು, ಬೇವಿನ ಕಟ್ಟೆಯನ್ನು ಸವರಿಕೊಂಡು ಹಾದಿ ಹೊರಳಿತು. ಓಣಿಯ ಹೆಂಗಸರು ಸಂಜೆ ನಡೆಯಲು ಬರತೊಡಗಿದರು, ಬಂದವರು ಕಟ್ಟೆಯ ಮೇಲೆ ಕೂರತೊಡಗಿದರು. ದಾಕ್ಷಾಯಿಣಿಗೆ ಮಾತಾಡಲು ಸಂಜೆ ಸಾಲದಾಯಿತು. ಮುಂಬಾಗಿಲಲ್ಲಿ ಪತ್ರಿಕೆ ಹಿಡಿದು ಕೂತವನಿಗೆ ಹಿಂದಿನಿಂದ ಆ ನಗು ಕೇಳಿಸುತ್ತಿತ್ತು. ಒಂದು ಸಂಜೆ ತಡೆಯಲಾರದೆ, ಕೂದಲು ಬಾಚಿಕೊಂಡು, ಹಿಂಬಾಗಿಲು ದಾಟಿ ಹೋದ. ದಾಕ್ಷಾಯಿಣಿ ಇನ್ನೂ ಬಂದಿರಲಿಲ್ಲ. ಕಟ್ಟೆಯ ನಡುವಿಗೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅಲ್ಲಿ ಕೂರಲು ಹೋದವನನ್ನು ನಾಗನೂರಿನಿಂದ ಮಗಳ ಮನೆಗೆ ಬಂದಿದ್ದ ಹೆಂಗಸೊಬ್ಬಳು ತಡೆದಳು. ಅದು ದಾಕ್ಷಾಯಿಣಕ್ಕನ ಜಾಗ ಎಂದಳು.

"ನಾನು ಅವರ ಮನಿಯವರ್ರಿ" ಎಂದ ಶ್ರೀಶೈಲಪ್ಪ.

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಒಂದಿನಾನೂ ನಿಮ್ಮನ್ನ ಇಲ್ಲೆ ನೋಡಿಲ್ಲಲ್ರಿ" ಎಂದಳು.

ಅಷ್ಟರಲ್ಲಿ ದಾಕ್ಷಾಯಿಣಿ ಬಂದಳು, ತನ್ನ ಜಾಗದಲ್ಲಿ ಕೂತಳು. ಅವನನ್ನು ಕಂಡು ಹುಬ್ಬೇರಿಸಿದಳು. ಹೆಂಗಸರು ಒತ್ತರಿಸಿ ಕೂತು ತುದಿಯಲ್ಲಿ ಅವನಿಗೆ ಗೇಣುದ್ದ ಎಡೆ ಬಿಟ್ಟರು. ಅರ್ಧ ಕಲ್ಲಿನ ಮೇಲೆ, ಅರ್ಧ ಗಾಳಿಯ ಮೇಲೆ ಅವನು ಕೂತ. ಅವನಿಗೂ ದಾಕ್ಷಾಯಿಣಿಗೂ ನಡುವೆ ಐದು ಮಂದಿ ಸಾರ್ವಜನಿಕರಿದ್ದರು. ನೀರಿನ ಮೇಲೆ ಹೊತ್ತು ಇಳಿಯುತ್ತಿತ್ತು. ಏನಾದರೂ ಹೇಳಬೇಕೆನ್ನಿಸಿ ಮುಂದಕ್ಕೆ ಬಾಗಿ, ಗಾಳಿ ಛಲೋ ಐತಲ್ಲ ಎಂದ. ಆಕೆಗೆ ಕೇಳಿಸಲಿಲ್ಲ. ಪಕ್ಕದವಳು ಅದನ್ನು ಆಚೆಯವಳಿಗೆ ಹೇಳಿದಳು, ಆಚೆಯವಳು ಇನ್ನೊಬ್ಬಳಿಗೆ ದಾಟಿಸಿದಳು. ಮಾತು ಬಾಯಿಂದ ಬಾಯಿಗೆ ಹೋಗಿ ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಒಬ್ಬೊಬ್ಬರನ್ನೂ ದಾಟಿಕೊಂಡು ತಿರುಗಿ ಬಂತು.

"ಹೌದಂತ್ರಿ" ಎಂದಳು ಪಕ್ಕದವಳು.